ಅಕ್ಕನ ಜೊತೆ ನಡೆಯಲು ಹೊರಟದ್ದು

ಅಕ್ಕನಿಗೆ ಲಕ್ವ ಹೊಡೆದಾಗ ಅವಳು ಸಾಗರದ ತನ್ನ ಮನೆಯಲ್ಲಿ ನನಗೆ ಶಾವಿಗೆ ಬಡಿಸುತ್ತಿದ್ದಳು. ಸೌಟು ಕೈಯಿಂದ ಜಾರಿ ಬಿತ್ತು. "ಎಂತ ಆಯ್ತು ಅಕ್ಕಾ?" ಎಂದು ಕೇಳಿದೆ. ಅವಳು ಏನೋ ಹೇಳಿದಳು. ಆದರೆ ಅದು ಮಾತಿನಂತಿರಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳ ಜೀವ ಉಳಿಯಿತು. ಎಡಗೈ, ಎಡಗಾಲಿನ ಬಲ ಮಾತ್ರ ಅರ್ಧವಾಯಿತು. ಅಲ್ಲಿನ ಡಾಕ್ಟರು, "ನೀವು ತಂಗಿಯಾ? ಬನ್ನಿ, ನಿಮ್ಮ ಬಿಪಿನೂ ನೋಡೋಣ" ಎಂದು ಪಟ್ಟಿ ಸುತ್ತಿದರು. ಒಮ್ಮೆ ನೋಡಿ, ಮತ್ತೆ ಸುತ್ತಿದರು. ಆ ಎರಡನೇ ಸಲಕ್ಕೇ ನನಗೆ ಅರ್ಥವಾಗಿಹೋಯಿತು.

"ಜಾಸ್ತಿ ಇದೆ. ಮಾತ್ರೆ ತಗೊಳ್ಳಿ. ದಿನಾ ನಡೀರಿ. ಉಪ್ಪು, ಎಣ್ಣೆ, ಸಿಹಿ ಕಮ್ಮಿ ಮಾಡಿ. ನಾಲ್ಕು ದಿನ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ" ಎಂದರು.

ನಾನು ಹೊಸನಗರದಲ್ಲಿ ಬಟ್ಟೆ ಹೊಲಿಯುವವಳು. ದಿನವಿಡೀ ಮೆಷಿನ್ ಮುಂದೆ ಕೂತಿರುತ್ತಿದ್ದೆ. ಮಧ್ಯೆ ಪಕ್ಕದ ಹೋಟೆಲಿನ ಚಹಾ, ಗೋಳಿಬಜೆ. ಊರಿಗೆ ಮರಳಿದ ಮಾರನೆಯ ದಿನವೇ ಎಲ್ಲ ಬಿಟ್ಟೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಒಂದು ಹಿಡಿ ಅನ್ನ, ಉಳಿದದ್ದೆಲ್ಲ ಸೊಪ್ಪು, ಮೊಳಕೆ ಕಾಳು. ತೀರ್ಥಹಳ್ಳಿಯ ನೆಂಟರ ಗೃಹಪ್ರವೇಶದಲ್ಲಿ "ಒಂದು ಹೋಳಿಗೆ ತಿಂದ್ರೆ ಎಂತ ಆಗ್ತದೆ ಮಾರಾಯ್ತಿ?" ಎಂದು ಬಲವಂತ ಮಾಡಿದರು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತೆ. ನೋಡಿದವರು ನನ್ನ ಮನೋಬಲವನ್ನು ಹೊಗಳಿದರು. ನನ್ನಲ್ಲಿದ್ದದ್ದು ಬರೀ ಹೆದರಿಕೆ.

ನಡೆಯುವುದಂತೂ ಇನ್ನೂ ಕಷ್ಟವಾಯಿತು. ಊರಾಚೆ ಅಕೇಶಿಯಾ ಪ್ಲಾಂಟೇಶನ್ ಪಕ್ಕದ ಏರು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇದೇ ಕೊನೆ ಎಂದುಕೊಂಡು ಮೋರಿಕಟ್ಟೆಯ ಮೇಲೆ ಕೂರುತ್ತಿದ್ದೆ. ಎಡಗೈ ಎತ್ತಿ, ಬೆರಳು ಆಡುತ್ತವೆಯೇ ಎಂದು ನೋಡುತ್ತಿದ್ದೆ. ಮನೆಗೆ ಬಂದು ಕನ್ನಡಿಯ ಮುಂದೆ ನಗುತ್ತಿದ್ದೆ, ಬಾಯಿ ನೆಟ್ಟಗಿದೆಯೇ ಎಂದು.

"ಒಬ್ಬಳೇ ಎಂತಕ್ಕೆ ನಗ್ತಿದೀಯ?" ಎಂದು ನನ್ನ ಗಂಡ ಒಂದು ದಿನ ಕೇಳಿದರು.

"ಹಲ್ಲು ನೋಡ್ತಿದ್ದೆ" ಎಂದೆ.

ಕೊನೆಗೆ ನಡೆಯುವುದೇ ನನ್ನನ್ನು ಕೊಲ್ಲುತ್ತದೆ ಅನಿಸಿ ಬಿಟ್ಟುಬಿಟ್ಟೆ. ಮನೆಯಲ್ಲಿ ಕೂತರೆ, ಕೂತದ್ದಕ್ಕೇ ಏನಾದರೂ ಆದೀತು ಎಂಬ ಭಯ. ಎತ್ತ ತಿರುಗಿದರೂ ಬಿಡುಗಡೆಯಿರಲಿಲ್ಲ.

ಅಷ್ಟರಲ್ಲಿ ಸುಧಾರಿಸಿಕೊಳ್ಳಲೆಂದು ಅಕ್ಕ ನಮ್ಮ ಮನೆಗೆ ಬಂದಳು. ಅವಳಿಗೂ ದಿನಾ ನಡೆಯಲು ಹೇಳಿದ್ದರು. "ಒಬ್ಳೇ ಹೋಗಿ ಬಿದ್ರೆ ಎತ್ತೋರು ಯಾರು? ನೀ ಬಾ" ಎಂದಳು. ಇಲ್ಲ ಎನ್ನುವುದು ಹೇಗೆ? ಒಂದು ಕೈಯಲ್ಲಿ ಕೋಲು, ಇನ್ನೊಂದು ಕಡೆ ನಾನು. ಅವಳ ನಿಧಾನಕ್ಕೆ ನನ್ನ ಕಾಲನ್ನು ಹೊಂದಿಸಿಕೊಂಡೆ.

ಒಂದು ಬೆಳಿಗ್ಗೆ, ಬಿಸಿಲು ಬಿದ್ದ ಮೇಲೆ, ಅದೇ ಏರಿನ ತಿರುವಿನಲ್ಲಿ ಕಾಡುಕೋಣ ನಿಂತಿತ್ತು. ನಡುರಸ್ತೆಯಲ್ಲಿ, ನಮ್ಮ ಕಡೆಗೇ ಮುಖ ಮಾಡಿಕೊಂಡು. ಅದು ಬುಸುಗುಟ್ಟಿದ್ದು ನನ್ನ ಹೊಟ್ಟೆಯೊಳಗೇ ಕೇಳಿಸಿದಂತಾಯಿತು.

"ನಂಗೆ ಓಡಕ್ಕಾಗಲ್ಲ. ನೀ ಓಡು" ಎಂದು ಅಕ್ಕ ಪಿಸುಗುಟ್ಟಿದಳು.

"ಸುಮ್ನಿರು."

"ಓಡೇ!"

ಅವಳ ರಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ನಿಂತಲ್ಲೇ ಅವಳ ಕೋಲು ಡಾಂಬರಿನ ಮೇಲೆ ಟಕಟಕ ಎನ್ನುತ್ತಿತ್ತು. ಪೊದೆಯಿಂದ ಒಂದು ಕರು ಹೊರಬಂದು ರಸ್ತೆ ದಾಟಿತು. ಕಾಡುಕೋಣ ಕತ್ತು ತಿರುಗಿಸಿ ಅದನ್ನು ನೋಡಿತು. ಮತ್ತೆ ನಮ್ಮನ್ನು ನೋಡಿತು. ಆಮೇಲೆ ಕರುವಿನ ಹಿಂದೆಯೇ ರಸ್ತೆಯಿಂದ ಇಳಿದುಹೋಯಿತು.

ನಾವಿಬ್ಬರೂ ಅಲ್ಲೇ ರಸ್ತೆಯಂಚಿಗೆ ಕೂತೆವು. ನನ್ನ ಕೈ ಎದೆಯ ಮೇಲಿತ್ತು. ಅಕ್ಕ ಅದನ್ನು ನೋಡಿ, "ನೋಯ್ತದಾ?" ಎಂದಳು.

"ನೋಯಲ್ಲ. ಹೆದ್ರಿಕೆ. ಇದಕ್ಕಷ್ಟೇ ಅಲ್ಲ, ದಿನಾ ಹೆದ್ರಿಕೆ ಅಕ್ಕಾ. ನಿಂಗಾದ ಹಾಗೇ ನಂಗೂ ಆಗ್ತದೆ ಅಂತ."

ಹೇಳಿದ ಮೇಲೆ, ಹೇಳಬಾರದಿತ್ತು ಅನಿಸಿತು. ಅವಳು ಸೆರಗಿನಿಂದ ಬಾಯಿಯ ಅಂಚು ಒರೆಸಿಕೊಂಡಳು.

"ನಂಗೂ ಹಾಗೇ. ಮತ್ತೊಂದ್ಸಲ ಬರ್ತದೆ ಅಂತ. ಸ್ನಾನಕ್ಕೆ ಹೋದ್ರೂ ಬಾಗಿಲ ಚಿಲಕ ಹಾಕಲ್ಲ ನಾನು. ನಿಂಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ.

ಕೋಲೂರಿ ಏಳುತ್ತಾ ಅವಳೇ, "ನಾಳೆ ಬಸ್‌ಸ್ಟ್ಯಾಂಡ್ ಕಡೆ ಹೋಗಾಣ. ಅಲ್ಲಿ ಜನ ಇರ್ತಾರೆ" ಎಂದಳು.

ಮಾರನೆಯ ದಿನ ಆ ಕಡೆಗೇ ಹೋದೆವು. ಅವಳು ಸಾಗರಕ್ಕೆ ವಾಪಸಾಗುವವರೆಗೂ ಒಂದು ದಿನವೂ ತಪ್ಪಿಸಲಿಲ್ಲ. ಹೆದರಿಕೆಯಾದಾಗ ಒಬ್ಬರಿಗೊಬ್ಬರು ಹೇಳಿಕೊಂಡು ನಿಲ್ಲುತ್ತಿದ್ದೆವು. ಉಸಿರು ಸರಿಹೋದ ಮೇಲೆ ಮುಂದೆ ಹೋಗುತ್ತಿದ್ದೆವು.

ನನ್ನ ಬಿಪಿ ಈಗ ಇಳಿದಿದೆ. ಗಂಜಿ, ಸೊಪ್ಪು ಅಭ್ಯಾಸವಾಗಿ ಬಾಯಿಗೆ ಹಿಡಿಸಿವೆ. ಬೆಳಿಗ್ಗೆ ಅವಳು ಅಲ್ಲಿ ಹೊರಡುವ ಮೊದಲು ಫೋನ್ ಮಾಡುತ್ತಾಳೆ. "ಹೊರಟೆ ಕಣೇ" ಎನ್ನುತ್ತಾಳೆ. ನಾನೂ ಇಲ್ಲಿ ಹೊರಡುತ್ತೇನೆ. ಫೋನ್ ಬರುವುದು ಸ್ವಲ್ಪ ತಡವಾದರೆ ಮಾತ್ರ, ಚಪ್ಪಲಿ ಮೆಟ್ಟಿದವಳು ಬಾಗಿಲಲ್ಲೇ ನಿಂತುಬಿಡುತ್ತೇನೆ.