ನರ್ಸಮ್ಮನ ಚಿಕ್ಕ ಚಕ್ರ

ನರ್ಸ್ ನಿಂಗಮ್ಮನವರು ಎದುರಿಗೆ ಬಂದವರ ಉಗುರು ನೋಡಿಯೇ ಮಾತು ಶುರುಮಾಡುತ್ತಿದ್ದರು. ಪಟೇಲರಿರಲಿ, ಪುರೋಹಿತರಿರಲಿ, ಮೊದಲು ಕೈ ತೋರಿಸಬೇಕು. ಮೈಸೂರಿನ ಕುಂಬಾರಕೊಪ್ಪಲಿನ ನನ್ನ ಸೈಕಲ್ ಷಾಪಿಗೆ ಮೊದಲ ಸಲ ಬಂದವರೇ ನನ್ನ ಬೆರಳುಗಳನ್ನು ದಿಟ್ಟಿಸಿ, "ಥೂ, ಈ ಕೈಲೇ ಉಣ್ತೀರೇನ್ರೀ ಚನ್ನಪ್ಪೋರೆ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸೈಕಲ್ ರಿಪೇರಿ ಮಾಡುವವನ ಕೈ ಮಲ್ಲಿಗೆ ಮೊಗ್ಗಿನ ಹಾಗಿರಬೇಕೇ? "ಈ ಕೈಲೇ ದುಡಿಯೋದು, ಈ ಕೈಲೇ ಉಣ್ಣೋದು ಕಣಮ್ಮ. ನಿಮಗೇನು ಆಗ್ಬೇಕು ಹೇಳಿ" ಎಂದೆ. ಅವರು ನಕ್ಕುಬಿಟ್ಟರು. ಜಗಳಕ್ಕೆ ಸರಿಜೋಡಿ ಸಿಕ್ಕಿತು ಅಂದುಕೊಂಡಿರಬೇಕು.

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದ ಕಾಲ ಅದು. ಊರಾಚೆಯ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸಿ ಬರುವ ಕೆಲಸಕ್ಕೆ ಸರ್ಕಾರದವರು ಅವರನ್ನು ಹಾಕಿ, ಒಂದು ಲೇಡೀಸ್ ಸೈಕಲ್ ಕೊಟ್ಟಿದ್ದರು. ನನ್ನ ಅಂಗಡಿಯ ಹಿಂದಿನ ವಠಾರದಲ್ಲೇ ಬಾಡಿಗೆಗಿದ್ದರು. ನಾಗಮಂಗಲದ ಕಡೆಯ ಒಕ್ಕಲು ಮನೆತನ, ನಲವತ್ತು ದಾಟಿದ ವಯಸ್ಸು, ಕಪ್ಪು ಬಣ್ಣ, ಗಟ್ಟಿ ಆಳು. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸೈಕಲ್ ಹತ್ತಿದರೆ ದಾರಿಯಲ್ಲಿದ್ದ ಕೋಳಿ, ನಾಯಿ, ಗಂಡಸರು ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದರು. ಕ್ಯಾರಿಯರಿನ ಮೇಲೆ ಚರ್ಮದ ಚೀಲ, ಚೀಲದೊಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಕೆಂಪು ಸೋಪು. "ಸೋಪಿಗಿಂತ ದೊಡ್ಡ ದೇವ್ರಿಲ್ಲ ಕಣ್ರೀ" ಎನ್ನುತ್ತಿದ್ದರು. ಆ ಡಬ್ಬಿಯನ್ನು ಇನ್ನೊಬ್ಬರು ಮುಟ್ಟಿದರೆ ಮುಗಿಯಿತು.

ಆ ದಿನ ಅವರು ಬಂದಿದ್ದದ್ದು ದಿಣ್ಣೆಕೊಪ್ಪಲೆಂಬ ಹಳ್ಳಿಯ ದೆಸೆಯಿಂದ. ಅಲ್ಲಿಗೆ ಹೋಗಬೇಕಾದರೆ ಮೊದಲು ಟಾರು ರಸ್ತೆ, ಆಮೇಲೆ ಜಲ್ಲಿ, ಆಮೇಲೆ ನಾಲೆಯ ಏರಿ, ಕೊನೆಗೆ ಗಾಡಿ ಜಾಡಿನಲ್ಲಿ ಒಂದು ಉದ್ದನೆಯ ದಿಣ್ಣೆ. ಸೈಕಲ್ಲಿನ ಪೆಡಲಿಗೆ ಇದ್ದದ್ದು ಚೈನು ಎಳೆಯುವ ಹಲ್ಲಿನ ಚಕ್ರ, ದೊಡ್ಡ ಚೈನ್‌ವೀಲು. ಟಾರಿನ ಮೇಲೆ ಜುಮ್ಮನೆ ಓಡುತ್ತಿತ್ತು, ದಿಣ್ಣೆ ಬಂತೆಂದರೆ ಪೆಡಲು ಕಲ್ಲಾಗುತ್ತಿತ್ತು. ಇಳಿದು ತಳ್ಳಬೇಕು. "ತಳ್ಕೊಂಡು ಹತ್ತೋ ಹೊತ್ಗೆ ಅಲ್ಲಿ ಮಗು ಬಂದ್ಬುಟ್ಟಿರುತ್ತೆ. ಹೆರಿಗೆ ನೋವು ನಮ್ಮ ಸೈಕಲ್ ಬರ್ಲಿ ಅಂತ ಕಾಯ್ತದಾ?" ಎಂದು ನನ್ನನ್ನೇ ಗದರಿದರು, ದಿಣ್ಣೆಯನ್ನು ನಾನೇ ಕಟ್ಟಿಸಿದ ಹಾಗೆ.

ನನ್ನ ಅಂಗಡಿಯ ಗೋಡೆಯ ಮೇಲೆ ಒಂದು ಸೆಟ್ಟು ನೇತಾಡುತ್ತಿತ್ತು. ಯಾದವಗಿರಿಯ ಬಂಗಲೆಯಲ್ಲಿದ್ದ ಬಿಳಿ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಕೊಟ್ಟುಹೋದ ಸೈಕಲ್ಲಿನದು. ಒಂದೇ ಪೆಡಲಿಗೆ ಎರಡು ಚೈನ್‌ವೀಲು, ಒಂದು ದೊಡ್ಡದು, ಒಂದು ಚಿಕ್ಕದು. ಸೀಟಿನ ಕೆಳಗೆ ಒಂದು ಸನ್ನೆಗೋಲು. ಅದನ್ನು ಎಳೆದರೆ ಚೈನು ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಮೈಸೂರಿನಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ನನಗೆ ಬಲು ಜಂಬ. ಅದನ್ನು ಇಳಿಸಿ, ಒರೆಸಿ, ಅವರ ಸೈಕಲ್ಲಿಗೇ ಜೋಡಿಸಿ ತೋರಿಸಿದೆ. "ಟಾರಿಗೆ ದೊಡ್ಡದು, ದಿಣ್ಣೆಗೆ ಚಿಕ್ಕದು. ರಾಣಿ ಹಂಗೆ ಹೋಗಿ" ಎಂದೆ.

ಅವರು ಸನ್ನೆಯನ್ನು ನಾಲ್ಕಾರು ಸಲ ಎಳೆಸಿ ನೋಡಿದರು. ಒಂದು ಸಲ ಚೈನು ಕಳಚಿ ಬಿತ್ತು. ನಾನು ಎತ್ತಿ ಕೂರಿಸಿದೆ.

"ನಾಲೆ ಏರಿ ಮೇಲೆ ಕೆಸರಲ್ಲಿ ಹಿಂಗೆ ಬಿದ್ರೆ ಯಾರು ಎತ್ತಿ ಹಾಕ್ತಾರೆ?"

"ನೀವೇ ಹಾಕ್ಕೋಬೇಕು. ಅದೇನು ಬ್ರಹ್ಮವಿದ್ಯೆಯಾ?"

"ನಿಮ್ಮ ಕೈ ನೋಡ್ಕೊಳ್ಳಿ ಚನ್ನಪ್ಪೋರೆ. ಆ ಕೈ ತಗೊಂಡು ನಾನು ಬಾಣಂತಿ ಮನೆಗೆ ಹೋಗ್ಲಾ? ಉಗುರು ಸಂದಿಗೆ ಹೋದ ಗ್ರೀಸು ಎಂಥ ಸೋಪಿಗೂ ಬುಡಲ್ಲ. ಎರಡು ದೋಣಿ ಮೇಲೆ ಕಾಲಿಡೋದು ಬ್ಯಾಡ. ಚಿಕ್ಕದೊಂದೇ ಹಾಕಿ."

ನಾನು ಬಡಿದಾಡಿದೆ. ಚಿಕ್ಕದೊಂದೇ ಹಾಕಿದರೆ ಟಾರಿನ ಮೇಲೆ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ಮಾತ್ರ ಆಮೆಯಾಗುತ್ತದೆ, ನೋಡಿದವರು ನಗುತ್ತಾರೆ ಎಂದೆ. "ನಕ್ಕೊಳ್ಳಿ. ನಗೋರ ಹೆಂಡ್ರುಗೂ ನಾನೇ ಹೋಗ್ಬೇಕು" ಎಂದರು. ಹಲ್ಲು ಕಚ್ಚಿಕೊಂಡು ಆ ಜೋಡಿಯನ್ನು ಬಿಡಿಸಿ, ಚಿಕ್ಕದನ್ನು ಮಾತ್ರ ಸೈಕಲ್ಲಲ್ಲಿ ಉಳಿಸಿ, ದೊಡ್ಡದನ್ನೂ ಸನ್ನೆಯನ್ನೂ ಮತ್ತೆ ಮೊಳೆಗೆ ನೇತುಹಾಕಿದೆ. ಒಡಹುಟ್ಟಿದವರನ್ನು ಬೇರೆ ಮಾಡಿದ ಹಾಗಿತ್ತು. ಇಂದಿಗೂ ನನ್ನ ಅಭಿಪ್ರಾಯ, ರಸ್ತೆಗೆ ಎರಡೇ ಸರಿ. ಆದರೆ ಅವರ ಕೈಗೆ ಒಂದೇ ಸರಿ. ಇದನ್ನು ಅವರ ಮುಂದೆ ನಾನು ಯಾವತ್ತೂ ಒಪ್ಪಿಕೊಳ್ಳಲಿಲ್ಲ, ಒಪ್ಪಿಕೊಂಡಿದ್ದರೆ ಜಗಳದ ರುಚಿ ಹೋಗುತ್ತಿತ್ತು.

ಜನ ನಕ್ಕರು. ಟಾರು ರಸ್ತೆಯಲ್ಲಿ ಅವರ ಕಾಲು ಹೊಲಿಗೆ ಮಿಷನ್ನಿನ ಹಾಗೆ ಆಡುತ್ತಿತ್ತು. ಪಡ್ಡೆಗಳು "ಮಿಷನ್ ನರ್ಸಮ್ಮ" ಎಂದು ಹೆಸರಿಟ್ಟರು. ಆದರೆ ದಿಣ್ಣೆಯ ಬುಡದಲ್ಲಿ ಗಂಡಸರೆಲ್ಲ ಇಳಿದು ಏದುಸಿರು ಬಿಡುತ್ತ ಸೈಕಲ್ ತಳ್ಳುವಾಗ ನಿಂಗಮ್ಮನವರು ಕೂತಲ್ಲಿಂದ ಏಳದೆ ಹತ್ತಿಹೋಗುವುದನ್ನು ನಾನೇ ಕಂಡಿದ್ದೇನೆ. ದಿಣ್ಣೆಕೊಪ್ಪಲಿನ ಪಟೇಲರ ಮೊಮ್ಮಗ ಹುಟ್ಟಿದ್ದು ಹಾಗೆಯೇ. ಮಗು ಅಡ್ಡ ತಿರುಗಿತ್ತಂತೆ. ಇವರು ಹೊತ್ತಿಗೆ ಸರಿಯಾಗಿ ಮುಟ್ಟಿದ್ದರಿಂದ ಎರಡು ಜೀವ ಉಳಿಯಿತು.

ಇಲ್ಲಿಂದ ಮುಂದಿನದನ್ನು ಸಮಾಧಾನವಾಗಿ ಬರೆಯಲು ನನ್ನಿಂದಾಗುವುದಿಲ್ಲ.

ಪಟೇಲರಿಗೆ ನರ್ಸಮ್ಮನ ಮೇಲೆ ಭಕ್ತಿ ಹುಟ್ಟಿತು. ಭಕ್ತಿ ಹುಟ್ಟಿದರೆ ಹುಟ್ಟಲಿ, ಸೀರೆ ಕೊಡಬಹುದಿತ್ತು, ಒಂದು ಕುಂಬಳಕಾಯಿ ಕೊಡಬಹುದಿತ್ತು. ಆ ಮನುಷ್ಯನಿಗೆ ತಮ್ಮ ಮೊಮ್ಮಗನನ್ನು ಈ ಲೋಕಕ್ಕೆ ತಂದ ಹೆಂಗಸನ್ನು ಊರಿನವರು ನೋಡಿ ನಗುವುದು ಸಹಿಸಲಾಗಲಿಲ್ಲ. ಮಗು ಎದ್ದು ಓಡಾಡುವಂತಾದ ವರ್ಷ, "ಈ ಸಲ ಆಯುಧಪೂಜೆ ನಿಮ್ಮ ಸೈಕಲ್ಲಿಗೆ ನಮ್ಮ ಮನೇಲೇ ಆಗ್ಲಿ ಕಣಮ್ಮ" ಎಂದು ಕೇಳಿಕೊಂಡು ಸೈಕಲ್ ತರಿಸಿಕೊಂಡರು. ಪೇಟೆಯಿಂದ ಯಾವನೋ ಫಿಟ್ಟರನ್ನು ಕರೆಸಿ, ಚಿಕ್ಕ ಚಕ್ರ ಕಳಚಿಸಿ, ಫಳಫಳ ಹೊಳೆಯುವ ದೊಡ್ಡ ಚೈನ್‌ವೀಲು ಹಾಕಿಸಿದರು. ಇನ್ನು ಮುಂದೆ ಯಾರೂ ನಗಬಾರದು ಎಂದು. ಒಂದು ಮಾತು ಕೇಳಬೇಡವೇ? ಯಾರು ತುಳಿಯುತ್ತಾರೋ ಅವರನ್ನು ಒಂದು ಮಾತು? ಹಬ್ಬಕ್ಕೆ ಮುಂಚೆ ಕದ್ದುಮುಚ್ಚಿ ಈ ಕೆಲಸ ಮುಗಿಸಿ, ಪೂಜೆ ಮಾಡಿ, ಚೆಂಡು ಹೂವು ಸುತ್ತಿ, ಬಾಳೆಕಂದು ಕಟ್ಟಿ ಸಂಜೆ ಆಳಿನ ಕೈಲಿ ಹೊರಿಸಿ ಕಳಿಸಿದರು. ಪೂಜೆಯಾದ ಸೈಕಲ್ಲನ್ನು ಆ ದಿನ ಓಡಿಸುವಂತಿಲ್ಲ. ನಿಂಗಮ್ಮನವರು ಹೂವಿನ ರಾಶಿಗೆ ಕೈಮುಗಿದು ಹಾಗೆಯೇ ಗೋಡೆಗೆ ಒರಗಿಸಿಟ್ಟರು.

ಮಾರನೆಯ ದಿನ ಜಂಬೂಸವಾರಿ. ಸುತ್ತಲಿನ ಹಳ್ಳಿಗಳ ಗಾಡಿಗಳೆಲ್ಲ ಮಹಾರಾಜರನ್ನು ನೋಡಲು ಮೈಸೂರಿನತ್ತ ಬರುತ್ತಿದ್ದವು. ದಿಣ್ಣೆಕೊಪ್ಪಲಿನಲ್ಲಿ ಉಳಿದಿದ್ದವರು ಮುದುಕರು, ಕಾಯಿಲೆಯವರು, ಮತ್ತು ಕೂಲಿ ಮಾದನ ಹೆಂಡತಿ, ಚೊಚ್ಚಲ ಬಸುರಿ. ನೋವು ಶುರುವಾದಾಗ ಊರಿನಲ್ಲಿ ಒಂದು ಗಾಡಿ ಇರಲಿಲ್ಲ. ಮಾದ ಓಡಿಕೊಂಡೇ ಬಂದ. ನರ್ಸಮ್ಮ ಹೂವು ಕಿತ್ತೆಸೆದು ಸೈಕಲ್ ಹತ್ತಿದರು. ಚಕ್ರ ಬದಲಾಗಿದೆಯೆಂದು ಮೊದಲ ತುಳಿತಕ್ಕೇ ಗೊತ್ತಾಯಿತಂತೆ. ನಿಲ್ಲಲು ವ್ಯವಧಾನವೆಲ್ಲಿ? ಎದುರಿಗೆ ಬರುತ್ತಿದ್ದ ಹಬ್ಬದ ಜನಜಂಗುಳಿಯನ್ನು ಸೀಳಿಕೊಂಡು ಹೋಗಿ, ದಿಣ್ಣೆಯ ಬುಡದಲ್ಲಿ ಇಳಿದು, ಆ ಹೊಳೆಯುವ ಚಕ್ರವನ್ನು ತಳ್ಳುತ್ತ ಹತ್ತಿದರು. ಅರ್ಧದಲ್ಲಿ ಸೈಕಲ್ಲನ್ನು ಬೇಲಿಗೆ ಬಿಸಾಕಿ, ಚೀಲ ಎತ್ತಿಕೊಂಡು ಓಡಿದರು. ತಾಯಿ ಉಳಿದಳು. ಮಗುವಿನ ಕುತ್ತಿಗೆಗೆ ಕರುಳಬಳ್ಳಿ ಸುತ್ತಿಕೊಂಡಿತ್ತು. ಗಂಡು ಮಗು.

"ಇನ್ನೂ ಬಿಸಿ ಇತ್ತು ಚನ್ನಪ್ಪೋರೆ" ಎಂದರು ಆ ಸಂಜೆ ನನ್ನ ಅಂಗಡಿಯ ಕಲ್ಲಿನ ಮೇಲೆ ಕೂತು. "ಮೈ ಇನ್ನೂ ಬಿಸಿ ಇತ್ತು." ಅವರ ಬಾಯಲ್ಲಿ ಅಂಥ ಸಣ್ಣ ದನಿ ಕೇಳಿದ್ದು ಅದೇ ಮೊದಲು.

ಪಟೇಲರು ಸವಾರಿ ನೋಡಿಕೊಂಡು ಊರಿಗೆ ಮರಳಿದ ಮೇಲೆ ನಿಂಗಮ್ಮನವರು ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೊರಟರು. ಚಕ್ರ ಬದಲಾಯಿಸಲು ಸ್ಪ್ಯಾನರು ಹಿಡಿದು ನಾನೂ ಹೋದೆ. ಜಗಲಿಯ ಮೇಲೆ ಊರಿನ ಹತ್ತು ಜನ ಕೂತು ಆನೆ, ಅಂಬಾರಿ ಎಂದು ಹರಟುತ್ತಿದ್ದರು. ಅಂಗಳದಲ್ಲಿ ಪಟೇಲರ ಮೊಮ್ಮಗ ನಮ್ಮ ಚಿಕ್ಕ ಚಕ್ರವನ್ನು ಉರುಳಿಸಿಕೊಂಡು ಆಡುತ್ತಿದ್ದ. ನರ್ಸಮ್ಮ ಅದನ್ನು ಮಗುವಿನ ಕೈಯಿಂದ ಬಿಡಿಸಿಕೊಂಡರು. ಅದು ಕಿಟಾರನೆ ಕಿರುಚಿತು.

"ಮರ್ವಾದೆ ಮಾಡೋಕೆ ಹೋದ್ರೆ ಹಿಂಗಾ ನರ್ಸಮ್ಮ?" ಎಂದರು ಪಟೇಲರು. "ಅದು ಅವನ ಹಣೇಲಿ ಬರ್ದಿದ್ದು. ನಾವು ನೀವು ಏನ್ಮಾಡೋಕಾಯ್ತದೆ?"

"ಹಣೆ ಮೇಲೆ ಹಾಕ್ಬ್ಯಾಡಿ ಗೌಡ್ರೇ. ನಿಮ್ಮ ಮೊಮ್ಮಗ ಹುಟ್ಟುವಾಗ ಈ ದಿಣ್ಣೆ ಹತ್ತಿದ್ದು ಈ ಚಿಕ್ಕ ಚಕ್ರ. ಮಾದನ ಮಗ ಹುಟ್ಟುವಾಗ ತಳ್ಕೊಂಡು ಬಂದಿದ್ದು ನಿಮ್ಮ ಮರ್ವಾದೆ. ನನ್ನ ಕಾಲು ಎಷ್ಟು ಸುತ್ತು ತಿರುಗುದ್ರೆ ನಿಮಗೇನ್ರೀ? ನಗೋರು ನನ್ನ ನೋಡಿ ನಗ್ತಿದ್ರು, ನಿಮಗ್ಯಾಕೆ ನಾಚ್ಕೆ?"

ಜಗಲಿಯ ಮೇಲೆ ಒಬ್ಬನೂ ಉಸಿರೆತ್ತಲಿಲ್ಲ. ಅವರೆಲ್ಲರ ಮನೆಯ ಮಕ್ಕಳನ್ನೂ ಎತ್ತಿದ ಕೈ ನರ್ಸಮ್ಮನದು. ಮಾದ ಬೇಲಿಯ ಆಚೆ ನಿಂತಿದ್ದ, ಅವನೂ ಮಾತಾಡಲಿಲ್ಲ. ಮಾದನ ಮೇಲೆ ನನಗೆ ಸಿಟ್ಟಿಲ್ಲ, ಅವನು ಕೂಲಿಗೆ ಹೋಗಬೇಕಾದದ್ದು ಅದೇ ಪಟೇಲರ ಗದ್ದೆಗೆ. ಮಿಕ್ಕವರಿಗೇನಾಗಿತ್ತು, ಬಾಯಲ್ಲಿ ಹಿಟ್ಟಿತ್ತೇ? ಆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಚಕ್ರ ಬದಲಾಯಿಸಿದೆ. ಹೊಳೆಯುವುದನ್ನು ಪಟೇಲರ ಜಗಲಿಯ ಮೇಲೆ ಸದ್ದಾಗುವಂತೆ ಇಟ್ಟೆ.

ಪಟೇಲರು ಕೆಟ್ಟವರಲ್ಲ ಎಂದು ಆಮೇಲೆ ನನಗೆ ಎಷ್ಟೋ ಜನ ಬುದ್ಧಿ ಹೇಳಿದ್ದಾರೆ. ಇರಬಹುದು. ಆದರೆ ತುಂಬಿದ ಜಗಲಿಯ ಮುಂದೆ ಒಬ್ಬ ಹೆಂಗಸು ಹೀಗೆ ಅಂದದ್ದನ್ನು ಅವರು ನುಂಗಿಕೊಳ್ಳಲಿಲ್ಲ. ಎಲ್ಲಿಗೆ ಹೋದರೋ, ಯಾರ ಕಿವಿ ಕಚ್ಚಿದರೋ, ದೀಪಾವಳಿ ಕಳೆಯುವಷ್ಟರಲ್ಲಿ ನರ್ಸಮ್ಮನಿಗೆ ವರ್ಗವಾಯಿತು. ದೂರದ ಊರಿನ ಯಾವುದೋ ಕಚೇರಿಯ ಉಗ್ರಾಣ. ಹತ್ತಿ, ಬ್ಯಾಂಡೇಜು, ಬಕೀಟು ಕಾಯುವ ಕೆಲಸ. ಹೆರಿಗೆ ಮಾಡಿಸುವಂತಿಲ್ಲ.

ಕಡೆಯ ದಿನ ಸೈಕಲ್ ತಳ್ಳಿಕೊಂಡು ಬಂದರು. ಅದನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಿತ್ತು. "ಸರ್ಕಾರದ ಹಳೇ ಚೈನ್‌ವೀಲು ನಿಮ್ಮತ್ರಾನೇ ಅದೆಯಲ್ಲ, ಅದ್ನೇ ಹಾಕ್ಬುಡಿ. ಈ ಚಿಕ್ಕದು ನಂದು, ನಾನು ತಗೊಂಡು ಹೋಗ್ತೀನಿ" ಎಂದರು. ನಾನು ಬಿಚ್ಚಿದೆ. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು. ಚಕ್ರವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಡಲೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಕೈ ಚಾಚಿ, ಗ್ರೀಸು ಮೆತ್ತಿದ ಚಕ್ರವನ್ನು ಬರಿಗೈಯಲ್ಲಿ ಎತ್ತಿಕೊಂಡರು. ಬೆರಳು, ಉಗುರು, ಅಂಗೈ ಎಲ್ಲ ಕಪ್ಪಾಯಿತು.

"ಅಯ್ಯೋ, ಕೈ ನರ್ಸಮ್ಮ! ಇರಿ, ನೀರು ಕೊಡ್ತೀನಿ, ಸೋಪು ತೆಗೀರಿ" ಎಂದು ಗಾಬರಿಯಿಂದ ಕೂಗಿದೆ.

ಎಷ್ಟೋ ಸಲ ಕೈ ತೋರಿಸಿ ಎಂದು ನನ್ನನ್ನು ಗದರಿದ್ದ ಅವರು ಚಕ್ರವನ್ನು ಕಲ್ಲಿನ ಮೇಲಿಟ್ಟು, ತಮ್ಮ ಎರಡೂ ಕೈಯನ್ನು ನನ್ನ ಮುಂದೆ ಹಿಡಿದು ತೋರಿಸಿದರು.

"ಇರ್ಲಿ ಬುಡಿ ಚನ್ನಪ್ಪೋರೆ" ಎಂದರು. "ಇನ್ನು ಯಾರ ಮನೇಗೆ ಹೋಗ್ಬೇಕು?"