ಮಕ್ಕಳಿಗೆ ಸೌತೆಕಾಯಿ, ಮೇಷ್ಟರಿಗೆ ಕೇಕು

ಗೇಸೀನ್ ದ್ರೆಂತ್ ನಮ್ಮೂರ ಪ್ರಾಥಮಿಕ ಶಾಲೆಯ ಉಸ್ತುವಾರಿ ಹೆಂಗಸು. ಗಂಟೆ ಬಾರಿಸುವುದು, ಬಿದ್ದ ಮಂಡಿಗೆ ಪಟ್ಟಿ ಅಂಟಿಸುವುದು, ಜೋಡಿ ತಪ್ಪಿದ ಕೈಗವಸು ಹುಡುಕುವುದು ಅವಳ ಕೆಲಸ. ಅದಕ್ಕೂ ಮೊದಲು ಕಾಲುವೆ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಆಲೂಗಡ್ಡೆ ಕರಿದು ಮಾರುತ್ತಿದ್ದಳು. ಊರಿನ ಅರ್ಧ ಜನ ಅವಳ ಬಾಣಲೆಯ ಎಣ್ಣೆ ತಿಂದೇ ಬೆಳೆದವರು. ಅದರಲ್ಲಿ ನಾನೂ ಒಬ್ಬ. ನಿಂತು ನಿಂತು ಕಾಲು ಸೋತ ಮೇಲೆ ಗಾಡಿ ಮಾರಿ ಶಾಲೆ ಸೇರಿದಳು.

ಅಂಥವಳನ್ನೇ ಸಿಹಿತಿಂಡಿಯ ಕಾವಲಿಗೆ ನಿಲ್ಲಿಸಿದರು ನಮ್ಮ ಜಾಣರು.

ಆದದ್ದಿಷ್ಟು. ಗ್ರೋನಿಂಗನ್ ಪ್ರಾಂತ್ಯದ ಈ ಮೂಲೆಯಲ್ಲಿ ಮಕ್ಕಳ ತೂಕ ದೇಶದ ಉಳಿದ ಕಡೆಗಿಂತ ಜಾಸ್ತಿ ಎಂದು ಯಾರೋ ಕಂಡುಹಿಡಿದರು. ವಿಶ್ವವಿದ್ಯಾಲಯದಿಂದ ಮರ್ಲೇನ್ ಎಂಬ ಸಂಶೋಧಕಿ ಬಂದಳು. ಒಳ್ಳೆಯ ಹುಡುಗಿ, ನಗುಮುಖ, ಸೈಕಲ್ ಹಿಂದೆ ತೂಕದ ಯಂತ್ರ. ಮಕ್ಕಳನ್ನು ತೂಗಿದಳು, ಅಳೆದಳು, ಶಾಲೆಯ ಸುತ್ತ ಎಲ್ಲೆಲ್ಲಿ ಏನೇನು ತಿನ್ನಲು ಸಿಗುತ್ತದೆ ಎಂದು ನಕ್ಷೆ ಬರೆದಳು. ನಕ್ಷೆಯ ನಟ್ಟನಡುವೆ, ಶಾಲೆಯ ಎದುರಿಗೇ, ಸೂಪರ್‌ಮಾರ್ಕೆಟ್ಟು. ಅಲ್ಲಿ ದುಡ್ಡು ಕೊಡುವ ಜಾಗದಲ್ಲಿ ಚಾಕಲೇಟನ್ನು ಸರಿಯಾಗಿ ಆರು ವರ್ಷದ ಮಗುವಿನ ಮೂಗಿನ ಎತ್ತರಕ್ಕೆ ಜೋಡಿಸಿಟ್ಟಿದ್ದಾರೆ. ಆ ಕಪಾಟನ್ನು ಒಂದು ಗೇಣು ಮೇಲಕ್ಕೆತ್ತಿ ಎಂದು ಹೇಳಲು ಪುರಸಭೆಗೆ ಬಾಯಿ ಬರಲಿಲ್ಲ. ಬಾಯಿ ಬಂದದ್ದು ಹುಟ್ಟುಹಬ್ಬದ ಮೇಲೆ.

ನಮ್ಮಲ್ಲಿ ಹುಟ್ಟುಹಬ್ಬದ ಮಗು ಶಾಲೆಗೆ ತಿಂಡಿ ತರಬೇಕು. ತಲೆಗೆ ಕಾಗದದ ಕಿರೀಟ ಇಟ್ಟುಕೊಂಡು ತನ್ನ ತರಗತಿಗೆ ಹಂಚಿ, ಆಮೇಲೆ ಇಬ್ಬರು ಗೆಳೆಯರನ್ನು ಕರೆದುಕೊಂಡು ಉಳಿದ ತರಗತಿಗಳ ಮೇಷ್ಟರಿಗೆ, ಟೀಚರಿಗೆಲ್ಲ ಕೊಟ್ಟು ಬರಬೇಕು. ವರ್ಷದಲ್ಲಿ ಅದೊಂದು ದಿನ ಎಂಥ ಪುಕ್ಕಲು ಮಗುವೂ ಶಾಲೆಯ ರಾಜನೇ. ಹೊಸ ನಿಯಮದ ಪ್ರಕಾರ ಮಕ್ಕಳಿಗೆ ಹಂಚುವ ತಿಂಡಿ ಹಣ್ಣೋ ತರಕಾರಿಯೋ ಆಗಿರಬೇಕು. ಬಾಗಿಲಲ್ಲಿ ಡಬ್ಬಿ ತೆಗೆಸಿ ನೋಡುವ ಕೆಲಸ ಗೇಸೀನಳದು. ಡಿಗ್ರಿ ಇದ್ದವರೆಲ್ಲ ಅದಕ್ಕೆ ನಾಚಿಕೊಂಡರು.

ಶುರುವಾಯಿತು ನೋಡಿ ತಾಯಂದಿರ ಯುದ್ಧ. ಸೌತೆಕಾಯಿಯ ಮೊಸಳೆ, ಮೂಲಂಗಿಯ ಇಲಿ, ದ್ರಾಕ್ಷಿಯ ಕಂಬಳಿಹುಳ, ಕಲ್ಲಂಗಡಿಯ ಹಡಗು! ಬೆಳಿಗ್ಗೆ ಬಿಡುವಿರುವವರು ಶಿಲ್ಪಿಗಳಾದರು. ಇಷ್ಟೆಲ್ಲ ಆದಮೇಲೆ ನಮ್ಮವರ ಬುದ್ಧಿ ಇನ್ನೊಂದು ಕಡೆ ಓಡಿತು. ನಿಯಮ ಹೇಳುವುದು ಮಕ್ಕಳ ತಿಂಡಿಯನ್ನು ತಾನೇ? ಮೇಷ್ಟರ ತಟ್ಟೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಕಾನೂನು ಮುರಿಯದೆ ಅದರ ಪಕ್ಕದಲ್ಲೇ ಸೈಕಲ್ ಹೊಡೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮೊಸಳೆ ಕೆತ್ತಿದ ಕೈ ಮೇಷ್ಟರಿಗೆಂದು ಕೆನೆಯ ಕೇಕು, ಬಾದಾಮಿ ಕಡುಬು, ಮದ್ಯ ತುಂಬಿದ ಚಾಕಲೇಟು ಕಳಿಸತೊಡಗಿತು. ವಸಂತ ಬರುವಷ್ಟರಲ್ಲಿ ಹೆಡ್‌ಮೇಷ್ಟರು ವೋಲ್ಟ್‌ಹೌಸ್ ಬೆಲ್ಟ್ ಬಿಟ್ಟು, ಪ್ಯಾಂಟನ್ನು ಹೆಗಲಿಗೆ ತೂಗುಹಾಕುವ ಪಟ್ಟಿ ಹಾಕಿಕೊಳ್ಳುತ್ತಿದ್ದರು.

ಈ ಕೇಕು ಕರಗುತ್ತಿದ್ದ ಮೇಷ್ಟರ ಕೋಣೆಯಲ್ಲೇ ಮೇಜಿನ ಮೇಲೆ ಒಂದು ಹಣ್ಣಿನ ಬುಟ್ಟಿ. ಮಕ್ಕಳಿಗೆ ಮಾದರಿಯಾಗಲಿ ಎಂದು ಪುರಸಭೆ ವಾರವಾರ ಮೇಷ್ಟರುಗಳಿಗೆ ಕಳಿಸುತ್ತಿತ್ತು. ಮಾದರಿಗಳು ಅದನ್ನು ಮುಟ್ಟುತ್ತಿರಲಿಲ್ಲ. ಶುಕ್ರವಾರ ಗೇಸೀನ್ ಎತ್ತಿಕೊಂಡು ಹೋಗಿ ಮಕ್ಕಳಿಗೆಂದು ಶಾಲೆಯ ಹಿತ್ತಲಲ್ಲಿ ಸಾಕಿದ ಆಡುಗಳಿಗೆ ಹಾಕುತ್ತಿದ್ದಳು. ಆಡುಗಳು ಮಾತ್ರ ದಷ್ಟಪುಷ್ಟವಾಗಿ, ಸಂಶೋಧನೆಗೆ ಒಳ್ಳೆಯ ಹೆಸರು ತರುವಂತಿದ್ದವು.

ಮಾರ್ಚಿನ ಒಂದು ಬೆಳಿಗ್ಗೆ ಆಲಿ ತನ್ನ ಮಗಳು ಸ್ವಾಂತ್ಯೆಯನ್ನು ಕರೆದುಕೊಂಡು ಬಂದಳು. ಆಲಿ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವಳು, ಒಂಟಿ ಹೆಂಗಸು. ಸ್ವಾಂತ್ಯೆಗೆ ಅವತ್ತು ಏಳು ತುಂಬಿತ್ತು. ತರಗತಿಯಲ್ಲಿ ಹೆಸರು ಕರೆದರೂ ನೆಲ ನೋಡುವ ಹುಡುಗಿ ಆ ದಿನ ಕುಣಿಯುತ್ತ ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ಎದುರಿನ ಅಂಗಡಿಯ ವಾಫಲ್ ಪೊಟ್ಟಣಗಳು, ನಡುವೆ ಸಕ್ಕರೆ ಪಾಕ ಹಚ್ಚಿದ ದುಂಡನೆಯ ಬಿಲ್ಲೆಗಳು.

ಗೇಸೀನ್ ಚೀಲದೊಳಗೆ ನೋಡಿದಳು. ಆಲಿಯ ಮುಖ ನೋಡಿದಳು.

"ಆಲೀ, ಇದೇನೇ ಇದು?"

"ಗೊತ್ತು ಗೇಸೀನಕ್ಕ, ಗೊತ್ತು. ಪಾಳಿ ಮುಗಿಸಿ ಸೀದಾ ಬಂದೆ. ಮೊಸಳೆ ಕೆತ್ತೋಕೆ ಯಾವಾಗ ಕೂತ್ಕೊಳ್ಲಿ ಹೇಳು? ಸೌತೆಕಾಯಿ ಬೆಲೆ ಮುಟ್ಟೋ ಹಾಗಿಲ್ಲ, ಇದು ಮಾತ್ರ ಒಂದಕ್ಕೊಂದು ಉಚಿತ."

"ನಾನೇನೋ ಬಿಟ್ಬಿಡ್ತೀನಿ ಕಣೆ. ಹೋದ ತಿಂಗಳು ಒಬ್ಬರ ಕೇಕ್ ಬಿಟ್ಟೆ ಅಂತ ವೋಲ್ಟ್‌ಹೌಸು ನನ್ನ ಕೂರಿಸ್ಕೊಂಡು ಪಾಠ ಮಾಡಿದ್ರು. ಇನ್ನೊಂದು ಸಲ ಆದ್ರೆ ಮನೇಲೇ ಇರಿ ಅಂದ್ರು."

"ಹಾಗಾದ್ರೆ ಇವಳು ಏನೂ ಹಂಚೋದು ಬೇಡ್ವಾ?"

ಸ್ವಾಂತ್ಯೆಯ ಕುಣಿತ ನಿಂತಿತು. ಕಿರೀಟವನ್ನು ತಾನೇ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡಳು. "ಅಮ್ಮ, ಇವತ್ತು ನಂಗೆ ಹುಷಾರಿಲ್ಲ ಅಂತ ಹೇಳಿ ಮನೆಗೆ ಹೋಗೋಣ್ವಾ?"

ಆಲಿ ಅತ್ತ ತಿರುಗಿಕೊಂಡಳು. ಏಳು ವರ್ಷದ ಮಗು ತನ್ನ ಹುಟ್ಟುಹಬ್ಬದ ದಿನ ತಾಯಿಯ ಮಾನ ಕಾಪಾಡಲು ಸುಳ್ಳು ಹುಡುಕುತ್ತಿದೆ. ಯಾವ ತೂಕದ ಯಂತ್ರದಲ್ಲಿ ತೂಗುತ್ತೀರಿ ಸ್ವಾಮಿ ಇದನ್ನು?

ಗೇಸೀನ್ ಚೀಲ ಕಿತ್ತುಕೊಂಡಳು. "ನೀನು ಹೋಗಿ ನಿದ್ದೆ ಮಾಡೇ. ಮಹಾರಾಣಿಯವರು ನನ್ನ ಜೊತೆ ಬರ್ತಾರೆ."

ಸೀದಾ ಮೇಷ್ಟರ ಕೋಣೆಗೆ ನಡೆದು, ಬುಟ್ಟಿಯಲ್ಲಿದ್ದ ಕಿತ್ತಳೆಯನ್ನಷ್ಟೂ ಏಪ್ರನ್ನಿಗೆ ಸುರಿದುಕೊಂಡಳು. ಪೊರಕೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಬ್ಬರೂ ಕೂತರು. ಗೇಸೀನ್ ಒಂದು ಕಿತ್ತಳೆಯನ್ನೂ ದಪ್ಪ ಪೆನ್ನನ್ನೂ ಕೊಟ್ಟಳು.

"ಮುಖ ಬರೀ."

"ಯಾರ ಮುಖ?"

"ನಿಂಗೆ ಯಾರ ಮೇಲೆ ಸಿಟ್ಟಿದೆಯೋ ಅವರದ್ದು."

ಮೊದಲನೆಯದಕ್ಕೆ ಹುಬ್ಬು ಗಂಟಿಕ್ಕಿತು. ಎರಡನೆಯದು ಆಕಳಿಸಿತು. ಮೂರನೆಯದಕ್ಕೆ ಕನ್ನಡಕ ಬಂತು, ಪ್ಯಾಂಟಿನ ಪಟ್ಟಿಯೂ ಬಂತು. ಗೇಸೀನ್ ನಕ್ಕು ನಕ್ಕು ಬಕೆಟ್ಟಿನ ಮೇಲಿಂದ ಜಾರಿದಳು. "ಅಯ್ಯೋ ಕಳ್ಳೀ, ಇದನ್ನ ಹೆಡ್‌ಮೇಷ್ಟರ ಕಣ್ಣಿಗೆ ಬೀಳಿಸ್ಬೇಡ!"

ತರಗತಿಯಲ್ಲಿ ಹಾಡು ಮುಗಿದು ಕಿತ್ತಳೆ ಹಂಚಿದ್ದೇ ತಡ, ಗದ್ದಲ. "ನಂಗೆ ಸಿಟ್ಟಿಂದು!" "ನಂಗ್ಯಾಕೆ ಅಳೋದು? ಬದಲಾಯ್ಸ್ಕೋ!" "ಲೋ, ನನ್ನ ಮೇಷ್ಟ್ರನ್ನ ಸುಲೀಬೇಡ್ವೋ!" ಸೌತೆಕಾಯಿ ಮೊಸಳೆಗಳ ಬಾಲ ಬೆಂಚಿನ ಕೆಳಗೆ ಎಸೆಯುತ್ತಿದ್ದ ಮಕ್ಕಳು ಸಿಪ್ಪೆ ಮಾತ್ರ ಉಳಿಸಿದರು.

ಆಮೇಲೆ ಸ್ವಾಂತ್ಯೆ ಕಿರೀಟ ಸರಿಮಾಡಿಕೊಂಡು, ವಾಫಲ್ ತುಂಬಿದ ತಟ್ಟೆ ಹಿಡಿದು, ಇಬ್ಬರು ಗೆಳತಿಯರ ಜೊತೆ ಮೇಷ್ಟರ ಕೋಣೆಗೆ ಹೋದಳು. ಅವತ್ತೇ ಮರ್ಲೇನ್ ಬಂದಿದ್ದಳು. ಶಾಲೆಯಲ್ಲಿ ಮಕ್ಕಳು ತಿನ್ನುವ ಸಕ್ಕರೆ ಎಷ್ಟು ಇಳಿದಿದೆ ಎಂದು ಗೋಡೆಯ ಮೇಲೆ ಬಣ್ಣದ ಗೆರೆ ತೋರಿಸುತ್ತಿದ್ದಳು. ವೋಲ್ಟ್‌ಹೌಸ್ ಒಂದು ವಾಫಲ್ ಎತ್ತಿ ಕಾಫಿ ಬಟ್ಟಲಿನ ಮೇಲೆ ಬೆಚ್ಚಗಾಗಲು ಮುಚ್ಚಳದಂತೆ ಇಟ್ಟರು. ಆಗ ಅವರ ಕಣ್ಣು ಖಾಲಿ ಬುಟ್ಟಿಯ ಮೇಲೆ ಬಿತ್ತು.

"ಗೇಸೀನ್! ಹಣ್ಣೆಲ್ಲಿ?"

"ಮಕ್ಕಳ ಹೊಟ್ಟೇಲಿ ಸಾರ್."

"ಅದು ನಮ್ಮದಲ್ಲವೇನ್ರೀ? ಹಾಗಾದ್ರೆ ಇದು?" ಎಂದು ವಾಫಲ್ ತೋರಿಸಿದರು.

"ಇದು ನಿಮ್ಮದು. ಮಕ್ಕಳಿಗೆ ಹಣ್ಣು, ಮೇಷ್ಟರಿಗೆ ಏನಾದ್ರೂ ಆಗ್ಬಹುದು. ನಿಯಮ ನೀವು ದೊಡ್ಡವರು ಮಾಡಿದ್ದು, ನಾನು ಬಾಗಿಲು ಕಾಯೋಳು ಅಷ್ಟೆ."

"ಇದು ಕುಚೇಷ್ಟೆ ಗೇಸೀನ್. ನಾನು ಹಿಂದೇನೇ ಎಚ್ಚರಿಸಿದ್ದೆ."

"ಕುಚೇಷ್ಟೆ ಹೌದು ಸಾರ್. ಬೇಕಿದ್ರೆ ಹಣ್ಣು ಕಕ್ಕಿಸ್ಕೊಂಡು ಬರ್ತೀನಿ, ಆ ವಾಫಲ್ ವಾಪಸ್ ಇಡಿ."

ಯಾರೂ ವಾಪಸ್ ಇಡಲಿಲ್ಲ. ಕಾಫಿಯ ಬಿಸಿಗೆ ಪಾಕ ಕರಗಿ ಘಮಘಮಿಸುತ್ತಿತ್ತು, ಸ್ವಾಂತ್ಯೆ ತಟ್ಟೆ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಮರ್ಲೇನ್ ಗೋಡೆಯ ಗೆರೆಯನ್ನು ನೋಡಿದಳು, ಮೇಷ್ಟರುಗಳನ್ನು ನೋಡಿದಳು. "ಇಳಿದ ಸಕ್ಕರೆ ಎಲ್ಲಿಗೆ ಹೋಯ್ತು ಅಂತ ನಾನು ಕೇಳೇ ಇರ್ಲಿಲ್ಲ ನೋಡಿ" ಎಂದು ನಗತೊಡಗಿದಳು. ಅವಳು ನಕ್ಕ ಮೇಲೆ ಹೆಡ್‌ಮೇಷ್ಟರಿಗೆ ಸಿಟ್ಟು ಮಾಡುವ ದಾರಿ ಮುಚ್ಚಿಹೋಯಿತು.

ಈಗ ಪುರಸಭೆಯ ಬುಟ್ಟಿ ನೇರವಾಗಿ ಹುಟ್ಟುಹಬ್ಬದ ಮಗುವಿಗೆ ಹೋಗುತ್ತದೆ, ಯಾರ ತಾಯಿಯೂ ಮೊಸಳೆ ಕೆತ್ತಬೇಕಿಲ್ಲ. ಇದನ್ನು ಜಾರಿಗೆ ತಂದದ್ದು ತಾವೇ ಎಂದು ವೋಲ್ಟ್‌ಹೌಸ್ ಪತ್ರಿಕೆಯವರಿಗೆ ಹೇಳಿಕೊಂಡರು, ಹೇಳಿಕೊಳ್ಳಲಿ. ಎದುರಿನ ಅಂಗಡಿಯ ಚಾಕಲೇಟು ಇವತ್ತಿಗೂ ಮಕ್ಕಳ ಮೂಗಿನ ಎತ್ತರದಲ್ಲೇ ಇದೆ. ಅದನ್ನು ಮೇಲೆತ್ತಿಸುವವರೆಗೂ ಈ ಊರಲ್ಲಿ ಯಾರೂ ಯಾವ ತಾಯಿಗೂ ಬುದ್ಧಿ ಹೇಳಲು ಬರಬಾರದು ಎಂಬುದು ನನ್ನ ಮಾತು.

ಅವತ್ತು ಮಧ್ಯಾಹ್ನ ಆಲಿ ಅರ್ಧ ನಿದ್ದೆಯಲ್ಲೇ ಎದ್ದು ಶಾಲೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಕಂಬದ ಹತ್ತಿರ ನಿಂತಳು.

"ಗೇಸೀನಕ್ಕ, ಅವಳು ಅತ್ಳಾ?"

"ಅತ್ತಿದ್ದು ನಿಮ್ಮ ಹೆಡ್‌ಮೇಷ್ಟ್ರು."

"ತಮಾಷೆ ಬೇಡ. ನಾನು ತಂದಿದ್ದನ್ನ ಏನು ಮಾಡ್ದೆ?"

"ತಟ್ಟೆ ತೊಳ್ಯೋ ಕೆಲಸಾನೂ ಉಳಿಸ್ಲಿಲ್ಲ ಕಣೆ. ಹೆಡ್‌ಮೇಷ್ಟ್ರು ಎರಡು ತಿಂದ್ರು."

ಆಲಿ ಕಂಬ ಬಿಟ್ಟು ಒಳಗೆ ಬಂದಳು.