ಮೀನಿನ ಟ್ಯಾಂಕಿಗೆ ಎಷ್ಟು ಬೆಳಕು

ನನ್ನ ಮದುವೆ ತಡವಾಗಿ ಆಯಿತು. ಆಗಲೇ ನಲವತ್ತು ದಾಟಿತ್ತು. ನನ್ನ ಹೆಂಡತಿಗೆ ಅದು ಎರಡನೆಯ ಮದುವೆ. ಗುಬ್ಬಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದ ಅವಳ ಮೊದಲ ಗಂಡ ಕಾಯಿಲೆಯಿಂದ ತೀರಿಕೊಂಡಿದ್ದರು. ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಅವಳು ತುಮಕೂರಿನ ನನ್ನ ಬಾಡಿಗೆ ಮನೆಗೆ ಬಂದಳು. ಸಾಮಾನೆಲ್ಲ ಟೆಂಪೋದ ಹಿಂದೆ ಇತ್ತು. ಒಂದು ಖಾಲಿ ಗಾಜಿನ ಟ್ಯಾಂಕ್ ಮಾತ್ರ ಮುಂದಿನ ಸೀಟಿನಲ್ಲಿ, ಮಗಳ ತೊಡೆಯ ಮೇಲೆ. ಅದರಲ್ಲಿ ಅವಳ ಅಪ್ಪ ಮೀನು ಸಾಕುತ್ತಿದ್ದರಂತೆ. ಅವರು ಆಸ್ಪತ್ರೆ ಸೇರಿದ ಮೇಲೆ ನೋಡಿಕೊಳ್ಳುವವರಿಲ್ಲದೆ ಮೀನೆಲ್ಲ ಸತ್ತುಹೋದವು ಎಂದು ಹೆಂಡತಿ ಆಮೇಲೆ ಹೇಳಿದಳು.

ಮಗಳು ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಒರಟುತನವೇನೂ ಇರಲಿಲ್ಲ. ನಾನು ಎದುರಿಗೇ ಕೂತಿದ್ದರೂ "ಅಮ್ಮ, ಅವ್ರನ್ನ ಊಟಕ್ಕೆ ಕರಿ" ಎನ್ನುತ್ತಿದ್ದಳು. ನನ್ನನ್ನು ಏನೆಂದು ಕರೆಯಬೇಕೋ ಅವಳಿಗೆ ಗೊತ್ತಿರಲಿಲ್ಲ. ಹೇಳಿಕೊಡಲು ನನಗೂ ಗೊತ್ತಿರಲಿಲ್ಲ.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಧೈರ್ಯ ಮಾಡಿ, ಟ್ಯಾಂಕಿಗೆ ಮತ್ತೆ ನೀರು ತುಂಬೋಣವೇ ಎಂದು ಕೇಳಿದೆ. ಅವಳು ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಹೆಂಡತಿ ನಗುತ್ತಾ ಬಂದಳು. "ಪ್ಲಾಸ್ಟಿಕ್ ಗಿಡ ಬೇಡವಂತೆ. ನಿಜವಾದ ಗಿಡ ಇದ್ರೆ ಸರಿಯಂತೆ."

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮೀನಿನ ಅಂಗಡಿಗೆ ನಾನೂ ಮಗಳೂ ಹೋದೆವು. ಅಂಗಡಿಯ ಟ್ಯಾಂಕುಗಳಲ್ಲಿ ನೀಲಿ, ಗುಲಾಬಿ ಲೈಟುಗಳು ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಉರಿಯುತ್ತಿದ್ದವು. ಅವು ನೋಟಕ್ಕಷ್ಟೇ, ಗಿಡಕ್ಕೆ ಬಿಳಿ ಎಲ್‌ಇಡಿ ತಗೊಳ್ಳಿ ಎಂದರು ಅಂಗಡಿಯವರು. ಟ್ಯಾಂಕ್ ಎಷ್ಟು ದೊಡ್ಡದೆಂದು ಕೇಳಿ ಒಂದು ಸಣ್ಣ ಲೈಟ್ ತೆಗೆದಿಟ್ಟರು. ಅದು ಮಂಕು ಎನಿಸಿ ನಾನು ಪಕ್ಕದಲ್ಲಿದ್ದ ದೊಡ್ಡದನ್ನೇ ಆರಿಸಿದೆ. ಮಗುವಿನ ಮುಂದೆ ಕೈ ಬಿಗಿಹಿಡಿದು ಖರ್ಚು ಮಾಡಬಾರದು ಎನ್ನುವ ಹುಮ್ಮಸ್ಸು. ಗಿಡಗಳನ್ನು ಅವಳು ಆರಿಸಿದಳು: ದಪ್ಪ ಎಲೆಯ ಅನುಬಿಯಾಸ್, ಉದ್ದ ನಾಲಗೆಯಂಥ ಎಲೆಯ ಜಾವಾ ಫರ್ನ್. ಎರಡೂ ಹೆಚ್ಚು ಆರೈಕೆ ಕೇಳುವುದಿಲ್ಲ, ಕಡಿಮೆ ಬೆಳಕಿನಲ್ಲೂ ಬದುಕುತ್ತವೆ ಎಂದರು ಅಂಗಡಿಯವರು.

ಮರಳು ಹಾಸಿದೆವು, ನೀರು ತುಂಬಿದೆವು. ಗಿಡ ನೆಡುವಾಗ ಅವಳು ಅಮ್ಮನ ಕಡೆ ನೋಡುತ್ತಾ, ಅದನ್ನು ಪೂರ್ತಿ ಹೂಳಬಾರದು ಎಂದಳು. ನಾನು ಅಷ್ಟಾಗಿ ಕಿವಿಗೊಡಲಿಲ್ಲ. ಗಿಡ ಎಂದ ಮೇಲೆ ಬೇರು ಬುಡವೆಲ್ಲ ಮಣ್ಣಿನಲ್ಲಿರಬೇಕಲ್ಲವೇ ಎಂದುಕೊಂಡು ಮರಳನ್ನು ಒತ್ತಿ ಕೂರಿಸಿದೆ. ಲೈಟು ಬೆಳಿಗ್ಗೆ ಎದ್ದಾಗ ಹಾಕಿದರೆ ಮಲಗುವಾಗಲೇ ಆರಿಸುವುದು. ಎಷ್ಟು ಬೆಳಕೋ ಅಷ್ಟು ಒಳ್ಳೆಯದೆಂದು ನನ್ನ ಲೆಕ್ಕ.

ಕೆಲವೇ ವಾರಗಳಲ್ಲಿ ಗಾಜಿಗೆಲ್ಲ ಪಾಚಿ ಹತ್ತಿತು. ನೀರು ಹಸಿರಾಗಿ, ಆಚೆ ಬದಿಯ ಗೋಡೆಯೂ ಕಾಣದಂತಾಯಿತು. ಅನುಬಿಯಾಸನ್ನು ಎತ್ತಿದರೆ ಬುಡ ಕೊಳೆತು ಎಲೆಗಳು ಕೈಗೇ ಬಂದವು. ಸ್ಕೂಲಿನಿಂದ ಬಂದ ಮಗಳು ಬ್ಯಾಗೂ ಇಳಿಸದೆ ನಿಂತು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು.

"ಹೂಳ್ಬೇಡಿ ಅಂದಿದ್ನಲ್ಲ. ಅದನ್ನ ಕಲ್ಲಿಗೆ ಕಟ್ಬೇಕು. ನಮ್ಮಪ್ಪ ದಾರದಲ್ಲಿ ಕಟ್ತಿದ್ರು. ನೀವು ಕೇಳಲೇ ಇಲ್ಲ."

ಅವಳ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗದರಲು ಬಾಯಿ ತೆರೆದಳು, ನಾನು ಬೇಡವೆಂದು ಕೈ ಮಾಡಿದೆ. ಬೈಗುಳವಾದರೂ ಅದು ನಡುವೆ ಯಾರೂ ಇಲ್ಲದೆ ನನಗೇ ಬಂದಿತ್ತು.

"ಹೆಂಗ್ ಕಟ್ಟೋದು, ತೋರಿಸ್ಕೊಡು" ಎಂದೆ.

ಕಪ್ಪು ಹೊಲಿಗೆ ದಾರ ತಂದಳು. ಅಂಗಳದಿಂದ ಆಯ್ದ ಕಲ್ಲುಗಳನ್ನು ತೊಳೆದೆವು. ಉಳಿದಿದ್ದ ಜಾವಾ ಫರ್ನನ್ನು ನಾನು ಕಲ್ಲಿನ ಮೇಲೆ ಹಿಡಿದೆ, ಅವಳು ದಾರ ಸುತ್ತಿದಳು. ಸುತ್ತುತ್ತಲೇ ಅಪ್ಪನ ಮಾತು ತೆಗೆದಳು. ಅವರು ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಸಂಜೆಯಷ್ಟೇ ಟ್ಯಾಂಕಿನ ಲೈಟು ಹಾಕುತ್ತಿದ್ದರಂತೆ. ಹಗಲೆಲ್ಲ ಉರಿಸಿದರೆ ಗಿಡ ತಿಂದು ಮಿಗಿಸಿದ ಬೆಳಕನ್ನು ಪಾಚಿ ತಿನ್ನುತ್ತದೆ ಎನ್ನುತ್ತಿದ್ದರಂತೆ. ಆ ಮನುಷ್ಯನ ಬಗ್ಗೆ ನಮ್ಮ ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ದೊಡ್ಡ ಲೈಟನ್ನು ವಾಪಸು ಕೊಟ್ಟು ಮೊದಲು ತೋರಿಸಿದ್ದ ಸಣ್ಣದನ್ನೇ ತಂದೆ. ಅದನ್ನು ಸಂಜೆಯಿಂದ ಊಟದ ಹೊತ್ತಿನವರೆಗೆ ಮಾತ್ರ ಹಾಕುವುದೆಂದಾಯಿತು. ಟ್ಯಾಂಕನ್ನು ಕಿಟಕಿಯ ಬಿಸಿಲಿನಿಂದ ಆಚೆ ಸರಿಸಿದೆವು. ನಾನು ದಿನವೂ ಬಸ್ಸಿನಲ್ಲಿ ಹೋಗಿಬರುವುದು ಕುಣಿಗಲ್ಲಿನ ಹೈಸ್ಕೂಲಿಗೆ. ಅಲ್ಲಿ ನನ್ನ ಜೊತೆಯ ಮೇಷ್ಟರೊಬ್ಬರು ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ರಿಬ್ಬನ್ನಿನಂಥ ನೀರುಹುಲ್ಲು ಬೆಳೆಸಿದ್ದರು. ವಿಷಯ ಕೇಳಿ ಒಂದು ಹಿಡಿ ಕಿತ್ತು ಕವರಿನಲ್ಲಿ ನೀರು ಹಾಕಿ ಕೊಟ್ಟರು. ಇದರ ಬೇರನ್ನು ಮಾತ್ರ ಮರಳಿನೊಳಗೆ ಇಡಬೇಕು, ಬುಡ ಮೇಲಿರಬೇಕು ಎಂದು ಒತ್ತಿ ಹೇಳಿದರು. ಬಸ್ಸಿನಲ್ಲಿ ಅದನ್ನು ಹಾಲಿನ ಚೊಂಬಿನಂತೆ ಹಿಡಿದುಕೊಂಡು ಬಂದೆ. ಈ ಸಲ ನೆಟ್ಟವಳು ಮಗಳು. ನೀರು ತಿಳಿಯಾದ ಮೇಲೆ ಗಪ್ಪಿ ಮೀನುಗಳು ಬಂದವು. ಹುಲ್ಲಿನ ಪಕ್ಕದಲ್ಲಿ ಮರಿಹುಲ್ಲು ಎದ್ದ ದಿನ ಅವಳು ನಡುಮನೆಯಿಂದಲೇ "ಇಲ್ ಬನ್ನಿ, ಬೇಗ" ಎಂದು ಕರೆದಳು. ಅಮ್ಮ ಮನೆಯಲ್ಲಿರಲಿಲ್ಲ. ಇದ್ದದ್ದು ನಾನೊಬ್ಬನೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವಳ ಅಜ್ಜಿ, ಅಂದರೆ ತೀರಿಕೊಂಡವರ ತಾಯಿ, ಚೇಳೂರಿನಿಂದ ಮೊಮ್ಮಗಳನ್ನು ನೋಡಲು ಬಂದರು. ಮದುವೆಗೆ ಅವರು ಬಂದಿರಲಿಲ್ಲ. ಬಂದವರು ತೆಂಗಿನಕಾಯಿಯ ಚೀಲ ಇಳಿಸಿ, ನನಗೆ ತಲೆಯಾಡಿಸಿ, ಕುರ್ಚಿಯ ತುದಿಯಲ್ಲಿ ಕೂತರು. ಆ ಟ್ಯಾಂಕ್ ಕಂಡು ಏನೆಂದುಕೊಳ್ಳುತ್ತಾರೋ ಎಂದು ನನಗೆ ಒಳಗೇ ಅಳುಕು. ಮಗನ ವಸ್ತುವನ್ನು ಇನ್ನೊಬ್ಬ ಮುಟ್ಟಿದ್ದಾನೆ ಅನಿಸಿದರೆ?

ಮೊಮ್ಮಗಳು ಅವರ ಕೈ ಹಿಡಿದು ಎಬ್ಬಿಸಿ ಕರೆದೊಯ್ದಳು. "ಅಜ್ಜಿ, ಇದು ಅಪ್ಪಂದೇ ಟ್ಯಾಂಕು. ಗಿಡ ನಾವಿಬ್ರೂ ಹಾಕಿದ್ದು" ಎಂದು ನನ್ನ ಕಡೆ ಬೆರಳು ಮಾಡಿದಳು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನೆಲದ ಮೇಲೇ ಕೂತರು. ಮೀನುಗಳು ಹುಲ್ಲಿನ ಸಂದಿಯಲ್ಲಿ ನುಸುಳುವುದನ್ನು ಬಹಳ ಹೊತ್ತು ನೋಡಿದರು. ರಾತ್ರಿ ಊಟಕ್ಕೆ ಎಲೆ ಹಾಕಿದಾಗ ನಾನು ಲೈಟು ಆರಿಸಲು ಎದ್ದೆ.

"ಇರ್ಲಿ ಬುಡಪ್ಪ," ಎಂದರು ಅಜ್ಜಿ, "ಇನ್ನೊಂದ್ ಗಳಿಗೆ ನೋಡ್ತೀನಿ."

ನಾನು ಸ್ವಿಚ್ಚಿನಿಂದ ಕೈ ತೆಗೆದು ಅವರ ಪಕ್ಕದಲ್ಲಿ ಕೂತೆ.